ರಸ್ತಾ ಚಲೋ ಅದ, ಬರ್ರಿ

“ಈ ತೊಟ್ಟಿಲು ಯಾರದು?”

ಗುರುದೇವಿ ಕೇಳಿದ್ದು ಯಾರನ್ನೂ ಅಲ್ಲ. ಫೋನನ್ನು ಬಲಗಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತಿದ್ದಳು. ಮಾತು ತಾನಾಗಿ ಬಾಯಿಂದ ಜಾರಿತ್ತು.

ಹೊಲಿಗೆ ಮಶೀನಿನ ಮುಂದೆ ಕೂತಿದ್ದ ರಮಾಬಾಯಿ ತಲೆ ಎತ್ತಿ ನೋಡಿದಳು. ಕೋಟನೂರಿನ ಆ ಎರಡು ಕೋಣೆಯ ಮನೆಯಲ್ಲಿ ತೊಟ್ಟಿಲೂ ಇರಲಿಲ್ಲ, ತೂಗುವ ಕೂಸೂ ಇರಲಿಲ್ಲ. ಅವಳು ಏನೂ ಕೇಳದೆ ಮತ್ತೆ ಕಾಲು ತುಳಿಯತೊಡಗಿದಳು. ಹಳೆಯ ಮಶೀನು. ಅದರ ಚರ್ಮದ ಪಟ್ಟಿ ಎಂದೋ ಹರಿದು, ತಂತಿ ಹಾಕಿ ಕೂಡಿಸಿದ್ದರು. ಆ ಕೂಡಿಕೆ ಗಾಲಿಗೆ ಬಡಿದಾಗಲೆಲ್ಲ ಕುಂಟುವ ಮೇಕೆಯ ಹೆಜ್ಜೆಯಂತೆ ಟಕ್ ಎನ್ನುತ್ತಿತ್ತು.

“ಮಶೀನ್ ಜರಾ ನಿಲ್ಲಸವ್ವಾ, ರಮಾ.”

ಮಶೀನು ನಿಂತಿತು. ಗುರುದೇವಿ ಆ ವಾಯ್ಸ್ ಮೆಸೇಜನ್ನು ಮತ್ತೊಮ್ಮೆ ಹಚ್ಚಿದಳು. ಗಂಡಸಿನ ಧ್ವನಿ, ಅವಸರವಿಲ್ಲದ್ದು: “ನೋಡ್ರೀ, ಹಳ್ಳದ ಬಾಜೂ ನಿಂತೀನಿ. ನೀರು ಸೇತುವೆ ಪೈಪಿಗಿಂತ ಕೆಳಗ ಅದ. ಡಾಂಬರಿನ ಅಂಚು ಗಟ್ಟಿ ಅದ. ರಸ್ತಾ ಚಲೋ ಅದ, ಬರ್ರಿ.”

ಆ ಧ್ವನಿಯ ಹಿಂದೆ, ಬಹಳ ದೂರದಲ್ಲಿ, ಹೆಂಗಸರ ದನಿ ಏರುತ್ತ ಇಳಿಯುತ್ತ ಇತ್ತು. ಜೋ ಜೋ ಎಂಬುದಷ್ಟೇ ತಿಳಿಯುತ್ತಿತ್ತು, ಉಳಿದದ್ದನ್ನು ಗಾಳಿ ತಿಂದಿತ್ತು. ಅದರ ಜೊತೆಗೇ ಏನೋ ಟಕ್ ಟಕ್ ಎಂದ ಹಾಗೆ ಕೇಳಿತು. ಮಶೀನಿನ ಸದ್ದು ಕಿವಿಯಲ್ಲಿ ಉಳಿದುಬಿಟ್ಟಿದೆ ಎಂದುಕೊಂಡಳು ಗುರುದೇವಿ. ಬಸ್ಸಿನಿಂದ ಇಳಿದ ಮೇಲೂ ಮೈ ಸ್ವಲ್ಪ ಹೊತ್ತು ತೂಗುವುದಿಲ್ಲವೇ, ಹಾಗೆ.

ಗುರುವಾರ ಮುಂಜಾನೆ ಕಮಲಾಪುರದ ಆಚೆಯ ಹಳ್ಳಕ್ಕೆ ಉರುಳಿದ ಮನೆಗಾಡಿಯ, ಗಾಲಿಯ ಮೇಲಿನ ಆ ಪುಟ್ಟ ಮನೆಯ, ಒಳಗೆ ಅದರ ಮಾಲೀಕ ಸಂಜುಕುಮಾರ ಸತ್ತು ಸಿಕ್ಕಿದ್ದ. ಅದನ್ನು ಜೀಪಿಗೆ ಕಟ್ಟಿ ಎಳೆದೊಯ್ದಿದ್ದ ಅಂಬಣ್ಣ, ರಮಾಬಾಯಿಯ ಗಂಡ, ಅಂದಿನಿಂದ ಜೈಲಿನಲ್ಲಿದ್ದ. ದಾರಿ ನೋಡದೆ ಗಾಡಿ ಎಳೆದು ಒಬ್ಬನ ಜೀವ ತೆಗೆದ ಎಂಬುದು ಅವನ ಮೇಲಿನ ಆರೋಪ. ಜಾಮೀನಿನ ಅರ್ಜಿ ನಾಳೆ ಕೋರ್ಟಿನ ಮುಂದೆ ಬರಲಿತ್ತು. ಅವನ ಪಾಲಿಗೆ ಇದ್ದದ್ದು ಈ ನಾಲ್ಕು ಮಾತಿನ ಮೆಸೇಜು ಒಂದೇ.

ಪೊಲೀಸರು ಅದನ್ನು ಕೇಳಿದ್ದರು. ಕೇಳಿ ಅಂಬಣ್ಣನ ಮೇಲೆಯೇ ತಿರುಗಿಸಿದ್ದರು. ಮೆಸೇಜು ಕಳಿಸಿದ ಕಮಲಾಪುರದ ಹಣ್ಣಿನಂಗಡಿಯ ಮಾಳಿಂಗ, ತಾನು ಗುರುವಾರ ಮುಂಜಾನೆ ಹಳ್ಳದ ಹತ್ತಿರ ನಿಂತು ನೋಡಿಯೇ ಹೇಳಿದ್ದಾಗಿ, ಆಗ ದಾರಿ ಚೆನ್ನಾಗಿಯೇ ಇದ್ದುದಾಗಿ, ನೀರು ಆಮೇಲೆ ಬಂದಿರಬೇಕೆಂದು ಬರೆಸಿದ್ದ. ಹಾಗಾದರೆ ಬಂದ ನೀರನ್ನು ಕಣ್ಣಾರೆ ಕಂಡೂ ಗಾಡಿ ಇಳಿಸಿದವನು ಅಂಬಣ್ಣನೇ ಎಂದಾಯಿತು.

ಗುರುದೇವಿ ಕಲಬುರಗಿಯ ಪೊಲೀಸ್ ವೈರ್‌ಲೆಸ್ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡೇ ತಲೆ ನರೆಸಿದವಳು. ಯಾವ ಠಾಣೆಯಿಂದ ಯಾರು ಮಾತಾಡುತ್ತಿದ್ದಾರೆ ಎಂಬುದು ಹೆಸರು ಹೇಳುವ ಮೊದಲೇ, ಉಸಿರಿನಿಂದಲೇ ಅವಳಿಗೆ ತಿಳಿಯುತ್ತಿತ್ತು. ನೌಕರಿ ಮುಗಿದ ಮೇಲೆ ಕಷ್ಟದಲ್ಲಿದ್ದವರು ಹುಡುಕಿಕೊಂಡು ಬಂದರೆ ಇಂಥ ಕೆಲಸ ಹಿಡಿಯುತ್ತಿದ್ದಳು. ಉಳಿದ ಸಂಜೆಗಳೆಲ್ಲ ಮಠದ ಅಂಗಳದಲ್ಲಿ, ಕಂಬಕ್ಕೆ ಒರಗಿ, ಪುರಾಣ ಕೇಳುತ್ತ. ಷಟ್ಪದಿಯ ಸಾಲೊಂದು ಮುಗಿದು ಮುಂದಿನದು ಏಳುವ ಮುನ್ನ ನಡುವೆ ಒಂದು ಮೌನ ಇರುತ್ತದಲ್ಲ, ಅದನ್ನೂ ಅವಳು ಕೇಳುತ್ತಿದ್ದಳು.

ಆದ್ದರಿಂದಲೇ ಆ ಜೋ ಜೋ ಅವಳನ್ನು ಕೂತಲ್ಲಿ ಕೂರಗೊಡಲಿಲ್ಲ.

ಶ್ರಾವಣ ನಡೆದಿತ್ತು. ಊರೂರಿನ ಮಠಗಳಲ್ಲಿ ಸಂಜೆ ಪುರಾಣ. ಕತೆ ನಡೆಯುತ್ತ ನಡೆಯುತ್ತ ಶರಣರ ಜನನದ ಅಧ್ಯಾಯಕ್ಕೆ ಬಂದ ದಿನ, ಗದ್ದಿಗೆಯ ಮುಂದೆ ಹೂವು ಸುತ್ತಿದ ತೊಟ್ಟಿಲು ಕಟ್ಟುತ್ತಾರೆ. ಮುತ್ತೈದೆಯರು ಸುತ್ತ ನಿಂತು ತೂಗುತ್ತ ಹಾಡುತ್ತಾರೆ. ಇಡೀ ತಿಂಗಳಿಗೆ ಒಂದೇ ಸಂಜೆ. ಮುಂಜಾನೆ ಯಾರೂ ಹಾಡುವುದಿಲ್ಲ.

ಮೆಸೇಜು ಬಂದದ್ದು ಮುಂಜಾನೆ.

ಅಂಬಣ್ಣನ ಫೋನನ್ನು ಠಾಣೆಯವರು ಒಮ್ಮೆ ನೋಡಿ, ಕೇಳಿದಾಗ ತರಬೇಕೆಂದು ಹೇಳಿ ರಮಾಬಾಯಿಯ ಕೈಗೇ ಮರಳಿಸಿದ್ದರು. ಜೋಪಾನ ಮಾಡು, ಇದೇ ಬೇಕಾಗುತ್ತದೆ, ನಕಲು ಕೆಲಸಕ್ಕೆ ಬಾರದು ಎಂದು ವಕೀಲರೂ ಹೇಳಿದ್ದರು. ಗುರುದೇವಿ ತನ್ನ ಫೋನನ್ನು ಅದರ ಎದುರಿಗೆ ಹಿಡಿದು, ಅದರ ಮಾತನ್ನು ಇದಕ್ಕೆ ತುಂಬಿಕೊಂಡಳು. ಅಷ್ಟರಲ್ಲಿ ಓಣಿಯಲ್ಲಿ ಉಳ್ಳಾಗಡ್ಡಿ ಮಾರುವವನು ಕೂಗುತ್ತ ಹೋದ. ಇರಲಿ, ಕಮಲಾಪುರದಲ್ಲಿ ಕೇಳಿಸುವುದಕ್ಕೆ ಇಷ್ಟು ಸಾಕು ಎಂದುಕೊಂಡಳು.

ಹೊರಡುವಾಗ ರಮಾಬಾಯಿ ಕೇಳದೆಯೇ ಹೇಳಿದಳು. ಆ ಗುರುವಾರ ತಾನು ನಸುಕಿನಲ್ಲೇ ಸ್ಟೇಶನ್ ಬಜಾರಕ್ಕೆ ಹೋಗಿದ್ದಳಂತೆ, ತಂಗಿಯನ್ನು ರೈಲಿಗೆ ಹತ್ತಿಸಲು. ಮನೆಗಾಡಿಯ ಕಿಟಕಿಗಳಿಗೆ ಪರದೆ ಹೊಲಿದುಕೊಡಲು ಸಂಜುಕುಮಾರ ಹೇಳಿದ್ದ. ಅವನ್ನೆಲ್ಲ ಬುಧವಾರವೇ ಮುಗಿಸಿ ಗಂಡನ ಕೈಯಲ್ಲಿ ಕಳಿಸಿಬಿಟ್ಟಿದ್ದಳಂತೆ. ಸುದ್ದಿ ತಿಳಿದದ್ದೇ ರೈಲ್ವೆ ಸ್ಟೇಶನ್ನಿನ ಮುಂದೆ, ಆಟೋದವರ ಬಾಯಿಂದಂತೆ.

ದುಃಖದಲ್ಲಿದ್ದವರು ಹೀಗೆ ಕೇಳದ್ದನ್ನೂ ಹೇಳುತ್ತಾರೆ. ಗುರುದೇವಿ ಅವಳ ತಲೆ ಸವರಿ ಹೊರಟಳು.

*

ಕಮಲಾಪುರದ ಬಸ್ಸಿನಲ್ಲಿ ಅವಳಿಗೆ ಜೈಲಿನಲ್ಲಿ ಅಂಬಣ್ಣ ಹೇಳಿದ್ದು ನೆನಪಾಗುತ್ತಿತ್ತು.

ಅವನು ತನ್ನನ್ನು ಬಿಡಿಸಿರೆಂದು ಬೇಡಿಕೊಂಡಿರಲಿಲ್ಲ. ಮನೆಗಾಡಿ ಎಳೆಯುವುದು ಹೇಗೆ ಎಂಬುದನ್ನೇ ಹೇಳಿದ್ದ. ಮುಂದಕ್ಕೆ ಒಯ್ಯುವುದು ಯಾರಿಗೂ ಬರುತ್ತದೆ. ಆದರೆ ಇಕ್ಕಟ್ಟಿನ ದಾರಿಯಲ್ಲಿ ಹಿಂದೆ ತರಬೇಕೆಂದರೆ ಜೀಪನ್ನು ಎಡಕ್ಕೆ ತಿರುಗಿಸಿದರೆ ಹಿಂದಿನದು ಬಲಕ್ಕೆ ಹೊರಳುತ್ತದೆ, ತಗ್ಗಿಗೆ ಇಳಿಯುತ್ತದೆ. ಅದಕ್ಕೇ ಚಿಂಚೋಳಿ ಕಾಡಿನ ಕಡೆ ಹೋಗುವಾಗ ಗಾಡಿ ಕಟ್ಟುವ ಮೊದಲು ಮುಂದಿನ ಊರಿನವರಿಂದ ದಾರಿ ಕೇಳಿ ತಿಳಿಯಬೇಕು. ಎರೆಮಣ್ಣು ಹಸಿಯಾಗಿದೆಯೇ, ಟೊಂಗೆ ಎಷ್ಟು ಕೆಳಗೆ ಬಾಗಿದೆ, ಗಾಡಿ ತಿರುಗಿಸಲು ಎಲ್ಲಿ ಜಾಗ ಇದೆ, ಹಳ್ಳದ ಸೇತುವೆಯ ಅಂಚು ಹೇಗಿದೆ.

“ಮಾಳಿಂಗ ಹೇಳ್ಯಾನಂದ್ರ ನಾ ಕಣ್ಣು ಮುಚ್ಚಿ ಹೋಗ್ತಿದ್ದೆ ಅಕ್ಕೋರೆ,” ಎಂದಿದ್ದ. “ಮ್ಯಾಲ ತೆಳ್ಳಗ ನೀರು ಹರೀತಿತ್ತು. ಕೆಳಗ ಪೊಳ್ಳಾಗಿದ್ದು ನನಗ ಹೆಂಗ ಕಾಣ್ಬೇಕು? ಜೀಪು ದಾಟ್ತು. ಹಿಂದಿಂದು ದಾಟಲಿಲ್ಲ.”

ಸಂಜುಕುಮಾರ ಒಳಗಿದ್ದದ್ದು ತನಗೆ ಗೊತ್ತೇ ಇರಲಿಲ್ಲ ಎಂದೂ ಹೇಳಿದ್ದ. ಎಳೆಯುವಾಗ ಒಳಗೆ ಯಾರೂ ಇರಬಾರದು ಎಂಬ ಕಟ್ಟುನಿಟ್ಟು ಮಾಡಿದವನೇ ಸಂಜುಕುಮಾರ. ಸಾಹುಕಾರರು ಹಿಂದಿನಿಂದ ಬೈಕಿನಲ್ಲಿ ಬರುತ್ತಾರೆ ಎಂದು ಅಂಬಣ್ಣ ನಂಬಿದ್ದ.

ಕಮಲಾಪುರದಲ್ಲಿ ಇಳಿದು ಗುರುದೇವಿ ಮೊದಲು ಹಳ್ಳಕ್ಕೇ ನಡೆದಳು. ನೀರು ಇಳಿದಿತ್ತು. ಸೇತುವೆಯ ಒಂದು ಮಗ್ಗುಲು ಕಚ್ಚಿದ ರೊಟ್ಟಿಯಂತೆ ಕಾಣುತ್ತಿತ್ತು. ಡಾಂಬರು ಮೇಲೆ ಹಾಗೇ ಇದ್ದು, ಅದರ ಅಡಿಯ ಮಣ್ಣನ್ನೆಲ್ಲ ನೀರು ಒಯ್ದಿತ್ತು. ಮನೆಗಾಡಿಯನ್ನು ದಂಡೆಯ ಮೇಲೆ ಎಳೆದು ಹಾಕಿದ್ದರು. ಒಂದು ಗಾಲಿ ಇರಲಿಲ್ಲ. ಬಿಳಿಯ ಮೈಗೆಲ್ಲ ಕರಿ ಕೆಸರು. ಕಾವಲಿಗಿದ್ದ ಪೊಲೀಸ್ ಪೇದೆ ಗುರುದೇವಿಯ ಗುರುತು ಹಿಡಿದು ಎದ್ದು ನಿಂತ. ಮುಟ್ಟಬೇಡ್ರಿ ಅಕ್ಕೋರೆ, ಹೊರಗಿನಿಂದ ಏನು ಬೇಕಾದರೂ ನೋಡ್ರಿ ಎಂದ. ಊರ ಜನ ನೋಡಲು ಬಂದು ಬಂದು ಒಳಗೆ ಪಾಯಖಾನೆ ಇದೆಯಂತೆ ಹೌದೇ ಎಂದು ಕೇಳಿ ಕೇಳಿ ತನ್ನ ತಲೆ ತಿಂದಿದ್ದಾರೆ ಎಂದು ಗೊಣಗಿದ.

ಒಡೆದ ಕಿಟಕಿಗಳಲ್ಲಿ ಹಳದಿ ಪರದೆಗಳು ಒಣಗಿ ಹಾರಾಡುತ್ತಿದ್ದವು. ಹೊಲಿಗೆ ಬಲು ಅಚ್ಚುಕಟ್ಟು. ಕೊನೆಯ ಕಿಟಕಿಯದು ಮಾತ್ರ ಹಾಗಿರಲಿಲ್ಲ. ಅದರ ಅಂಚಿನ ಹೊಲಿಗೆ ಅರ್ಧಕ್ಕೆ ನಿಂತು, ದಾರ ಉದ್ದಕ್ಕೆ ಜೋತಾಡುತ್ತಿತ್ತು. ಉಳಿದರ್ಧವನ್ನು ಮಡಚಿ ಟಾಚಣಿ ಪಿನ್ನು ಚುಚ್ಚಿದ್ದರು.

ಗುರುದೇವಿ ಅದನ್ನು ನೋಡಿದಳು, ನೋಡಿ ದಾಟಿದಳು. ಅವಳ ತಲೆಯ ತುಂಬ ತೊಟ್ಟಿಲು ತೂಗುತ್ತಿತ್ತು.

*

ಮಾಳಿಂಗನದು ಬಸ್ ನಿಲ್ದಾಣದ ಹತ್ತಿರ ತಾಡಪತ್ರಿ ಕಟ್ಟಿದ ಬಾಳೆಹಣ್ಣಿನ ಅಂಗಡಿ. ಗೊನೆ ಗೊನೆಯಾಗಿ ತೂಗುಬಿಟ್ಟ ಕೆಂಪು ಬಾಳೆ. ಗಾಡಿಯವರು ನಿಲ್ಲಿಸಿ ಕೊಳ್ಳುತ್ತಿದ್ದರು. ಅವನ ತಾಯಿ ಚಂದಮ್ಮ ಕಟ್ಟೆಯ ಮೇಲೆ ಕೂತು ಹಣ್ಣಿನ ಮೇಲಿನ ನೊಣ ಓಡಿಸುತ್ತಿದ್ದಳು.

ಗುರುದೇವಿ ಯಾರೆಂದು ತಿಳಿದ ಕೂಡಲೇ ಮಾಳಿಂಗ ಗಿರಾಕಿಗಳ ಕಡೆ ತಿರುಗಿದ. ಬರೆಸಬೇಕಾದ್ದನ್ನೆಲ್ಲ ಠಾಣೆಯಲ್ಲಿ ಬರೆಸಿದ್ದಾಗಿದೆ, ಮತ್ತೇನೂ ಇಲ್ಲ ಎಂದ. ಹೊಳೆಯುವ ಹಣ್ಣನ್ನೇ ಮತ್ತೆ ಮತ್ತೆ ಒರೆಸಿದ.

“ಬರೆಸಿದ್ದು ಬ್ಯಾಡ ತಮ್ಮಾ. ನಿನ್ನ ಮಾತು ನಿನಗೇ ಕೇಳಸ್ತೀನಿ, ಅಷ್ಟೇ,” ಎಂದಳು ಗುರುದೇವಿ. ಕಟ್ಟೆಯ ಮೇಲೆ ಚಂದಮ್ಮನ ಬಾಜೂ ಕೂತು ಫೋನು ಹಚ್ಚಿದಳು.

ಮಾಳಿಂಗ ಕೇಳಿದ. ಹೌದು, ತನ್ನದೇ ಧ್ವನಿ ಎಂದ.

“ನಿನ್ನ ಧ್ವನಿ ಬಿಟ್ಟು ಹಿಂದಿಂದು ಕೇಳು.”

ಮತ್ತೊಮ್ಮೆ ಹಚ್ಚಿದಳು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಶ್ರಾವಣದಲ್ಲಿ ಆ ಊರಿನ ಗಾಳಿಯಲ್ಲಿ ಮಠದ ಮೈಕು ಹೇಗೆ ಕೂಡಿಕೊಂಡಿರುತ್ತದೆಂದರೆ, ಅಲ್ಲಿಯವರಿಗೆ ಅದು ಕೇಳುವುದೇ ಇಲ್ಲ. ಮಾತಾಡಿದವನಿಗೂ ಕೇಳಿರಲಿಲ್ಲ, ಈಗಲೂ ಕೇಳುತ್ತಿರಲಿಲ್ಲ.

ನೊಣ ಓಡಿಸುತ್ತಿದ್ದ ಚಂದಮ್ಮನ ಕೈ ಮಾತ್ರ ನಿಂತಿತು.

“ಇದು ನಾನಲ್ಲೇನು,” ಎಂದಳು ಮುದುಕಿ. ಮುಖ ಅರಳಿತು. “ತಂಗೀ, ಇನ್ನೊಮ್ಮಿ ಹಚ್ಚು. ಇದು ನನ್ನ ದನಿ. ಐತಾರ ದಿವಸ ಮಠದಾಗ ತೊಟ್ಟಲಾ ಕಟ್ಟಿದ್ರು. ನಾನೇ ಮುಂದ ಹಾಡಿದ್ದು. ನಡುವ ಕೆಮ್ಮು ಬಂತು ನೋಡು, ಗೌಡಸಾನಿ ಹಾಡು ಎತ್ತಿಗೊಂಡಳು. ಕೇಳ್ರೀ, ಕೇಳ್ರೀ, ಕೆಮ್ಮೂ ಅದ.”

ಹೌದು, ಕೆಮ್ಮೂ ಇತ್ತು.

ಮುದುಕಿಗೆ ಅದೊಂದು ಸೋಜಿಗ. ತನ್ನ ಹಾಡು ಫೋನಿನಲ್ಲಿ ಬಂದದ್ದೇ ದೊಡ್ಡ ಸಂಗತಿ. ಆ ಸಂಜೆ ಪ್ರಸಾದಕ್ಕೆಂದು ತಮ್ಮ ಅಂಗಡಿಯಿಂದಲೇ ಗೊನೆ ಹೋದದ್ದು, ತೊಟ್ಟಿಲ ಹಗ್ಗ ಮೊದಲು ಹಿಡಿಯಲು ಇಬ್ಬರು ಹೆಂಗಸರು ಜಗಳಾಡಿದ್ದು, ಎಲ್ಲ ಹೇಳುತ್ತ ಹೋದಳು. ಮಗನ ಮುಖದ ಕಡೆ ನೋಡಲಿಲ್ಲ.

ಗುರುದೇವಿ ನೋಡುತ್ತಿದ್ದಳು.

“ಐತಾರ ಸಂಜೀ ಮುಂದ ಹೇಳಿದ ಮಾತು ಗುರುವಾರ ಮುಂಜಾನೆ ಹೆಂಗ ಬಂತು, ಮಾಳಿಂಗ?” ದನಿ ಏರಿಸದೆಯೇ ಕೇಳಿದಳು. “ಮಳಿ ಬಂದಿದ್ದು ಮಂಗಳವಾರ. ಸೇತುವೆ ಪೊಳ್ಳಾಗಿದ್ದು ಅದರಾಚಿಗೆ. ನೀ ಗುರುವಾರ ಹಳ್ಳಕ್ಕ ಹೋಗೇ ಇಲ್ಲ.”

ಮಾಳಿಂಗ ಒರೆಸುತ್ತಿದ್ದ ಅರಿವೆಯನ್ನು ಹೆಗಲ ಮೇಲೆ ಹಾಕಿಕೊಂಡ. ತೆಗೆದ. ಮತ್ತೆ ಹಾಕಿಕೊಂಡ.

“ಹೋಗಿಲ್ರೀ.”

“ಏನಂದಿ?” ಎಂದಳು ತಾಯಿ.

“ನೀ ಸುಮ್ಕಿರವ್ವಾ.”

“ಯಾಕ ಸುಮ್ಕಿರ್ಲಿ? ಹೋಗೀನಂತ ಊರ ಮಂದಿ ಮುಂದ ಹೇಳಿದಿ. ಮಠದ ಕಟ್ಟಿ ಮ್ಯಾಲ ಕುಂತು ಹೇಳಿದಿ.”

ಮಾಳಿಂಗ ಆಮೇಲೆ ಹೇಳಿದ್ದೆಲ್ಲ ನೆಲ ನೋಡಿಕೊಂಡೇ. ಭಾನುವಾರ ಸಂಜೆ ಸಂಜುಕುಮಾರ ಕೇಳಿದ್ದಕ್ಕೆ ಹಳ್ಳದ ಹತ್ತಿರ ನಿಂತು ಈ ಮಾತು ಹೇಳಿ ಅವನ ಫೋನಿಗೆ ಕಳಿಸಿದ್ದು ನಿಜ. ಆಗ ದಾರಿ ಚೆನ್ನಾಗಿಯೇ ಇತ್ತು. ಮಂಗಳವಾರ ಮಳೆ ಹೊಡೆಯಿತು. ಬುಧವಾರ ಅವನೇ ಹೋಗಿ ನೋಡಿದ, ಅಡಿಯ ಮಣ್ಣು ಹೋಗಿತ್ತು. ಅದೇ ಸಂಜೆ ಸಂಜುಕುಮಾರ ಬೈಕಿನಲ್ಲಿ ಈ ಅಂಗಡಿಗೆ ಬಂದ. ಇಲ್ಲೇ, ಈ ಗೊನೆಯ ಕೆಳಗೇ ನಿಂತಿದ್ದ.

“ನಾ ಬಾಯಿ ಬಿಟ್ಟು ಹೇಳೀನಿ ಅಕ್ಕೋರೆ. ಸಾಹುಕಾರ್ರೆ, ಗಾಡಿ ತರಬ್ಯಾಡ್ರಿ, ಕೆಳಗ ಪೊಳ್ಳದ, ಬೈಕ್ ಹೋಗ್ತದ, ಜೀಪ್ ಹೋದ್ರೂ ಹೋದೀತು, ಹಿಂದಿಂದು ಹೋಗೂದಿಲ್ಲ ಅಂದೆ. ಹೂಂ ಅಂದ್ರು. ಅಂದು ನನ್ನ ಫೋನ್ ಕೇಳಿದ್ರು. ತಮ್ಮ ಫೋನ್ ಕೆಟ್ಟದ, ಒಂದ್ ರಾತ್ರಿ ಇರ್ಲಿ, ನಾಳಿ ಕೊಡ್ತೀನಂದ್ರು. ಕೊಟ್ಟೆ.”

“ಬುಧವಾರ ಸಂಜೀಯಿಂದ ಫೋನ್ ನಿನ್ನ ಕೈಯಾಗಿಲ್ಲ?”

“ಇಲ್ರೀ. ಇನ್ನೂ ಸಿಕ್ಕಿಲ್ಲ. ಪೊಲೀಸರಿಗೆ ಹಳ್ಳದಾಗ ಬಿತ್ತಂತ ಹೇಳೀನಿ.”

ಯಾಕೆ ಹೇಳಿದೆ ಎಂದು ಕೇಳಬೇಕಾಗಿರಲಿಲ್ಲ. ಫೋನು ಸತ್ತವನಿಗೆ ಕೊಟ್ಟಿದ್ದೆ ಎಂದರೆ ನಂಬುವವರು ಯಾರು? ಅವನ ನಂಬರಿನಿಂದ, ಅವನದೇ ಧ್ವನಿಯಲ್ಲಿ ಮೆಸೇಜು ಹೋಗಿತ್ತು, ಒಬ್ಬ ಸತ್ತಿದ್ದ. ಹೋಗಿ ನೋಡಿದ್ದೆ, ದಾರಿ ಚೆನ್ನಾಗಿತ್ತು ಎಂದುಬಿಟ್ಟರೆ ತನ್ನ ತಲೆ ಉಳಿಯುತ್ತದೆ ಎಂದುಕೊಂಡಿದ್ದ. ಅಂಬಣ್ಣನ ತಲೆ ಹೋಗುತ್ತದೆಂದು ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ. ಹೊಳೆದ ಮೇಲೆ ತಿರುಗಿ ಹೇಳುವ ಧೈರ್ಯ ಬಂದಿರಲಿಲ್ಲ.

ಸೇತುವೆ ಪೊಳ್ಳಾಗಿದ್ದು ಸಂಜುಕುಮಾರನಿಗೆ ಗೊತ್ತಿತ್ತು. ಸುಳ್ಳು ಮೆಸೇಜು ಕಳಿಸಿದ ಫೋನು ಅವನ ಕೈಯಲ್ಲಿತ್ತು. ಆ ಮೆಸೇಜು ನಂಬಿ ಅಂಬಣ್ಣ ಎಳೆದ ಗಾಡಿಯೊಳಗೆ ಸಿಕ್ಕದ್ದೂ ಅವನೇ.

“ಮುರೀತದಂತ ಗೊತ್ತಿದ್ದ ಮನಷ್ಯಾ ಆ ಗಾಡಿಯೊಳಗ ತಾನಾಗೇ ಕೂಡ್ತಾನೇನು, ತಮ್ಮಾ?”

ಮಾಳಿಂಗ ಮೊದಲ ಸಲ ತಲೆ ಎತ್ತಿದ. ಅವನ ಕಣ್ಣಲ್ಲಿದ್ದದ್ದು ಉತ್ತರವಲ್ಲ, ಹೆದರಿಕೆ. ಅವನೂ ರಾತ್ರಿಗಳನ್ನೆಲ್ಲ ಅದನ್ನೇ ಯೋಚಿಸಿ ಕಳೆದಿದ್ದ.

ಹಾಗಾದರೆ ಸಂಜುಕುಮಾರ ತಾನಾಗಿ ಕೂತಿರಲಿಲ್ಲ. ಗಾಡಿ ಕಟ್ಟುವ ಮೊದಲೇ ಯಾರೋ ಅವನನ್ನು ಅಲ್ಲಿ ಮಲಗಿಸಿದ್ದರು. ಕೆಟ್ಟಿದೆ ಎಂದು ಸುಳ್ಳು ಹೇಳಿದ್ದ ಅವನ ಫೋನಿನ ಹಳೆಯ ಮಾತು, ಅವನ ಬಳಿ ಇದ್ದ ಮಾಳಿಂಗನ ಫೋನು, ಎರಡೂ ಆ ಹೊತ್ತಿಗೆ ಮತ್ತೊಬ್ಬರ ಕೈ ಸೇರಿದ್ದವು.

“ನಾಳಿ ಕೋರ್ಟಿಗೆ ಬಂದು ಇದನ್ನ ಹೇಳ್ತೀಯಾ?”

ಮಾಳಿಂಗ ತಾಯಿಯ ಮುಖ ನೋಡಿದ. ಚಂದಮ್ಮನ ಮುಖದಲ್ಲಿ ಈಗ ಹಾಡಿನ ಸಂಭ್ರಮ ಇರಲಿಲ್ಲ.

“ಬರ್ತಾನ,” ಎಂದಳು. “ನಾನೂ ಬರ್ತೀನಿ. ದೇವರ ತೊಟ್ಟಲಾ ತೂಗಿದ ಹಾಡಿನ ಮ್ಯಾಲ ಇವ ಸುಳ್ಳ ಹೊರಸ್ಯಾನ. ಅದನ್ನ ತೊಳಕೊಳ್ಳದಿದ್ರ ನಾ ಮಠದ ಮೆಟ್ಟಲಾ ಹೆಂಗ ಹತ್ಲಿ?”

ಹೊರಡುವಾಗ ಗುರುದೇವಿಗೆ ಒಂದು ನೆನಪಾಯಿತು. ಮೆಸೇಜಿನಲ್ಲಿ ಟಕ್ ಟಕ್ ಎನ್ನುತ್ತದಲ್ಲ, ಬೈಕು ಚಾಲೂ ಇತ್ತೇ ಎಂದು ಕೇಳಿದಳು. ಇಲ್ಲ ಎಂದ ಮಾಳಿಂಗ. ಹಳ್ಳಕ್ಕೆ ತಾನು ಬೈಕು ಒಯ್ಯುವುದಿಲ್ಲ, ನಡೆದು ನೋಡಿದರೇನೇ ಮಣ್ಣು ಎಷ್ಟು ಮೆತ್ತಗಿದೆ ಎಂದು ತಿಳಿಯುತ್ತದೆ. ಹತ್ತಿರ ಯಾವ ಮಶೀನೂ ಇರಲಿಲ್ಲ, ಪಂಪ್‌ಸೆಟ್ಟೂ ಇಲ್ಲ.

ಚಂದಮ್ಮ ಅವಳ ಕೈಗೆ ಎರಡು ಕೆಂಪು ಬಾಳೆಹಣ್ಣು ತುರುಕಿದಳು.

*

ಮರಳಿ ಬರುವ ಬಸ್ಸಿನಲ್ಲಿ ಗುರುದೇವಿಗೆ ಕಿಟಕಿಯ ಸೀಟು ಸಿಕ್ಕಿತು. ಇಯರ್‌ಫೋನ್ ಹಚ್ಚಿಕೊಂಡು ಕಣ್ಣು ಮುಚ್ಚಿದಳು. ಅರ್ಧ ಕೆಲಸ ಆಗಿತ್ತು. ಮಾತು ಹಳೆಯದು ಎಂದು ತೋರಿಸಲು ಚಂದಮ್ಮನ ಹಾಡಿದೆ, ಕೆಮ್ಮಿದೆ. ಅಂಬಣ್ಣನ ಫೋನೊಂದು ವಕೀಲರ ಕೈ ಸೇರಿದರೆ ಸಾಕು. ಅಂಬಣ್ಣ ಮೋಸ ಹೋದವನು, ಮೋಸ ಮಾಡಿದವನಲ್ಲ ಎಂಬುದು ನಾಳೆಯೇ ಕೋರ್ಟಿಗೆ ತಿಳಿಯುತ್ತದೆ.

ಸುಮ್ಮನೆ ಕೇಳುತ್ತಿದ್ದಳು. ಮಾಳಿಂಗನ ಧ್ವನಿ. ತೊಟ್ಟಿಲ ಹಾಡು. ಟಕ್ ಟಕ್. ಕೊನೆಗೆ ಉಳ್ಳಾಗಡ್ಡಿ ಮಾರುವವನ ಕೂಗು.

ಕಣ್ಣು ತೆರೆದಳು.

ಉಳ್ಳಾಗಡ್ಡಿಯವನು ಕಮಲಾಪುರದ ಹಳ್ಳದಲ್ಲಿ ಎಲ್ಲಿಂದ ಬಂದ? ಅವನು ಬಂದದ್ದು ಇಂದು ಮುಂಜಾನೆ, ಕೋಟನೂರಿನ ಓಣಿಯಲ್ಲಿ. ಅವಳೇ ಒಂದು ಫೋನನ್ನು ಇನ್ನೊಂದರ ಮುಂದೆ ಹಿಡಿದಾಗ, ಮಾತಿನ ಜೊತೆಗೆ ಆ ಮನೆಯ ಸದ್ದೂ ಒಳಗೆ ಸೇರಿತ್ತು.

ಗುರುವಾರವೂ ಯಾರೋ ಇದನ್ನೇ ಮಾಡಿದ್ದರು. ಹಳೆಯ ಮೆಸೇಜನ್ನು ಹಾಗೇ ಮುಂದಕ್ಕೆ ದೂಡಿದರೆ ಅದರ ನೆತ್ತಿಯ ಮೇಲೆ ಫಾರ್ವರ್ಡ್ ಎಂಬ ಗುರುತು ಬೀಳುತ್ತದೆ. ಇದರ ಮೇಲೆ ಆ ಗುರುತಿರಲಿಲ್ಲ. ಒಂದು ಫೋನು ಮಾತಾಡಿತ್ತು, ಇನ್ನೊಂದು ಕೇಳಿಸಿಕೊಂಡು ಹೊಸ ಮಾತಿನಂತೆ ಕಳಿಸಿತ್ತು. ಹಾಗೆ ಮಾಡಿದ ಕೋಣೆಯ ಸದ್ದೂ ಅದರೊಳಗೆ ಉಳಿದಿರಲೇಬೇಕು.

ಟಕ್. ಸ್ವಲ್ಪ ಬಿಟ್ಟು, ಟಕ್.

ಗುರುದೇವಿ ಕೈಯಲ್ಲಿದ್ದ ಹಣ್ಣನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಡೆದ ಕಿಟಕಿಯ ಆ ಹಳದಿ ಪರದೆ ಕಣ್ಣ ಮುಂದೆ ಬಂತು. ಹೊಲಿಗೆ ಅರ್ಧಕ್ಕೆ ನಿಂತಿತ್ತು. ಬುಧವಾರವೇ ಎಲ್ಲ ಮುಗಿಸಿ ಕಳಿಸಿದ್ದೆ ಎಂದಿದ್ದಳು ರಮಾಬಾಯಿ, ಕೇಳದೆಯೇ ಹೇಳಿದ್ದಳು.

ಇದು ಸುಳ್ಳಾಗಲಿ ಎಂದು ಅವಳು ದೇವರನ್ನು ಬೇಡಿಕೊಂಡಳು. ಜಗತ್ ಸರ್ಕಲ್ಲಿನ ಹತ್ತಿರ ಇಳಿದು ಕೋಟನೂರಿಗೆ ಆಟೋ ಹಿಡಿಯುವವರೆಗೂ ಬೇಡುತ್ತಲೇ ಇದ್ದಳು.

*

ಓಣಿಯ ಮೂಲೆಯಲ್ಲೇ ಕೇಳಿತು.

ದೀಪ ಹಚ್ಚುವ ಹೊತ್ತು. ಮನೆಗಳಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಗುರುದೇವಿ ರಮಾಬಾಯಿಯ ಬಾಗಿಲಿನ ಹೊರಗೇ ನಿಂತಳು. ಒಂದು ಕಿವಿಯಲ್ಲಿ ಇಯರ್‌ಫೋನ್, ಇನ್ನೊಂದನ್ನು ಬಾಗಿಲಿಗೆ ಕೊಟ್ಟಳು. ಒಳಗೆ ಮಶೀನು ನಡೆದಿತ್ತು. ಇಲ್ಲಿ ಟಕ್ ಎಂದರೆ ಅಲ್ಲಿಯೂ ಟಕ್. ಒಂದೇ ಮೇಕೆ, ಅದೇ ಕುಂಟು ಕಾಲು. ಇಬ್ಬರು ಒಂದೇ ಪದ ಹಾಡುತ್ತ ಕೂಡಿಕೊಂಡ ಹಾಗೆ.

ಅವಳು ಒಳಗೆ ಹೋದಳು.

ರಮಾಬಾಯಿಯ ಮುಖ ಆಸೆಯಿಂದ ಮೇಲೆದ್ದಿತು. ಏನಾಯಿತು ಎಂದು ಕೇಳಿದಳು, ಮಾಳಿಂಗ ಸಿಕ್ಕನೇ ಎಂದಳು, ಚಹಾ ಇಡಲೇ ಎಂದಳು. ಗುರುದೇವಿ ಎಲ್ಲ ಹೇಳಿದಳು. ತೊಟ್ಟಿಲು, ಭಾನುವಾರ, ಚಂದಮ್ಮನ ಕೆಮ್ಮು, ಮಾಳಿಂಗ ಫೋನು ಕೊಟ್ಟದ್ದು, ನಾಳೆ ತಾಯಿ ಮಗ ಇಬ್ಬರೂ ಕೋರ್ಟಿಗೆ ಬರುತ್ತಿರುವುದು. ಕೇಳುತ್ತ ಕೇಳುತ್ತ ರಮಾಬಾಯಿಯ ಕಣ್ಣು ತುಂಬಿದವು. ಬುದ್ಧನ ಪಟದ ಕಡೆ ತಿರುಗಿ ಕೈ ಮುಗಿದಳು.

“ಅಂದ್ರ ನಮ್ಮವರು ಬರ್ತಾರಲ್ರೀ ಅಕ್ಕಾ?”

“ಬರ್ತಾನ. ಇನ್ನೊಂದು ಮಾತು ಅದ,” ಎಂದಳು ಗುರುದೇವಿ. ಇಯರ್‌ಫೋನಿನ ವಾಯರು ಎಳೆದು ತೆಗೆದಳು. ಕೋಣೆಯಲ್ಲಿ ಮಾಳಿಂಗ ಮಾತಾಡಿದ, ಹೆಂಗಸರು ಹಾಡಿದರು. “ನಿನ್ನ ಮಶೀನ್ ಈಗ ನಿಂತದ, ಹೌದಲ್ಲ?”

ಫೋನಿನಲ್ಲಿ ಮಶೀನು ನಿಂತಿರಲಿಲ್ಲ.

ರಮಾಬಾಯಿ ಕೇಳಿದಳು. ಅವಳ ಕಾಲು ಇನ್ನೂ ಪೆಡಲಿನ ಮೇಲಿತ್ತು, ಅದನ್ನು ಹಾವಿನ ಮೇಲಿಂದ ತೆಗೆದಂತೆ ತೆಗೆದಳು. ಗಾಲಿಗೆ ಬಿಗಿದ ಪಟ್ಟಿಯನ್ನು, ಅದರ ತಂತಿಯ ಕೂಡಿಕೆಯನ್ನು ನೋಡಿದಳು. ಮುಖದಲ್ಲಿದ್ದ ಬೆಳಕು ಹೋದದ್ದು ಗುರುದೇವಿಗೆ ಕಾಣಿಸಿತು. ಕಾಣಬಾರದಿತ್ತು ಎನ್ನಿಸಿತು.

“ಗುರುವಾರ ಮುಂಜಾನೆ ನೀ ಸ್ಟೇಶನ್ ಬಜಾರಕ್ಕ ಹೋಗಿರಲಿಲ್ಲ, ರಮಾ. ಇಲ್ಲೇ ಕುಂತು ಕಡೀ ಪರದಿ ಹೊಲಿಯಾಕತ್ತಿದ್ದಿ. ಅಂಬಣ್ಣ ಜೀಪ್ ತರಾಕ ಹೋದ ಮ್ಯಾಲ ಯಾರೋ ಈ ಕೋಣ್ಯಾಗ ಬಂದಾರ. ನಿನ್ನ ಬಾಜೂ ನಿಂತು ಆ ಮಾತು ತುಂಬ್ಯಾರ. ಯಾರವರು?”

ರಮಾಬಾಯಿ ಮಶೀನಿನ ಗಾಲಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿ ನಿಂತಿತು. ಆ ಮೌನದೊಳಗೆ ಏನಾದರೂ ಏಳುತ್ತದೆಯೇ ಎಂದು ಗುರುದೇವಿ ಕಾದಳು. ಏನೂ ಏಳಲಿಲ್ಲ. ಎದುರಿಗಿದ್ದವಳ ಉಸಿರು ಮಾತ್ರ, ಸಣ್ಣದಾಗಿ, ಒಡೆದು ಒಡೆದು.

“ಹೇಳಬ್ಯಾಡ, ಇರ್ಲಿ,” ಎಂದಳು ಕೊನೆಗೆ. “ನೀ ಹೇಳದಿದ್ರೂ ನಿನ್ನ ಗಂಡ ಹೊರಗ ಬರ್ತಾನ. ಅದಕ್ಕ ಅವನ ಫೋನ್ ಒಂದು ಸಾಕು. ಕೊಡವ್ವಾ, ಈಗೇ ಹೋಗಿ ವಕೀಲರ ಕೈಯಾಗ ಕೊಡ್ತೀನಿ.”

ಮಶೀನಿನ ಡ್ರಾದೊಳಗಿಂದ ರಮಾಬಾಯಿ ಫೋನು ತೆಗೆದಳು. ಗುರುದೇವಿ ಕೈ ಚಾಚಿದಳು. ರಮಾಬಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಗೋಡೆಗೆ ಸರಿದು ನಿಂತಳು. ನೆಟ್ಟ ನೋಟ ತೆರೆದ ಬಾಗಿಲಿನ ಕಡೆಗಿತ್ತು, ಅಲ್ಲಿ ಯಾರೋ ನಿಂತು ಕೇಳುತ್ತಿರುವಂತೆ.

“ಈ ಸದ್ದು ಕೋರ್ಟಿಗೆ ಹೋದ್ರ ಅವತ್ತು ಬಂದವರು ಬಿಡೂದಿಲ್ಲ. ನಮ್ಮವರು ಜೈಲಿನಾಗ ಇದ್ರೇನೇ ಜೀವಂತ ಇರ್ತಾರ್ರೀ ಅಕ್ಕೋರೆ,” ಎಂದಳು. “ಫೋನ್ ಕೊಡೂದಿಲ್ಲ.”